ರಾತ್ರಿ ಫೋಟೊದಲ್ಲಿ ಬೇಡದ ಚುಕ್ಕಿ, ಮಬ್ಬು: ಮೂಲ ಪತ್ತೆ ಹೀಗೆ

ಬೇಕಲದ ಕಡಲತೀರದಲ್ಲಿ ಟ್ರೈಪಾಡ್ ನಿಲ್ಲಿಸಿ, ನಾಲ್ಕು ನಿಮಿಷ ಶಟರ್ ತೆರೆದಿಟ್ಟು ಕೋಟೆಯ ಫೋಟೊ ತೆಗೆದಿರಿ ಎನ್ನಿ. ಕಣ್ಣಿಗೆ ಕಾಣದಿದ್ದ ಕೆಂಪು, ನೀಲಿ ಚುಕ್ಕಿಗಳು, ಅಂಚಿನಲ್ಲಿ ನೇರಳೆ ಮಬ್ಬು, ಆಕಾಶದಲ್ಲೊಂದು ಹಸಿರು ಬೊಟ್ಟು ಚಿತ್ರದಲ್ಲಿ ಮೂಡಿರುತ್ತವೆ. ಕಾರಣವನ್ನು ಅಲ್ಲೇ ಹುಡುಕಿ. ಮನೆಗೆ ಬರುವಷ್ಟರಲ್ಲಿ ಸೆನ್ಸರ್ (ಕ್ಯಾಮೆರಾದೊಳಗೆ ಬೆಳಕನ್ನು ಗ್ರಹಿಸುವ ಭಾಗ) ತಣಿದು ತೊಂದರೆ ಮಾಯವಾಗಿರಬಹುದು.

ಮೊದಲು ಲೆನ್ಸ್ ಕ್ಯಾಪ್ ಮುಚ್ಚಿ, ಅದೇ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ), ಅದೇ ಅವಧಿ ಇಟ್ಟು ಇನ್ನೊಂದು ಫ್ರೇಮ್ ತೆಗೆಯಿರಿ. ಅದು ಪೂರ್ತಿ ಕಪ್ಪಾಗಿರಬೇಕು. ಹಿಂದಿನ ಜಾಗದಲ್ಲೇ ಚುಕ್ಕಿಗಳು ಕಂಡರೆ ಅವು ಹಾಟ್ ಪಿಕ್ಸೆಲ್, ಅಂದರೆ ಬೆಳಕಿಲ್ಲದಿದ್ದರೂ ಶಾಖದಿಂದ ಸಂಕೇತ ಕೊಡುವ ಸೆನ್ಸರ್ ಬಿಂದುಗಳು. ಸೆನ್ಸರ್‌ನ ಶಾಖ ಸುಮಾರು 6ರಿಂದ 8 ಡಿಗ್ರಿ ಸೆಲ್ಸಿಯಸ್ ಏರಿದರೆ ಈ ಹುಸಿ ಸಂಕೇತ ಇಮ್ಮಡಿಯಾಗುತ್ತದೆ. ಹಾಗಾಗಿ ಕರಾವಳಿಯ ಏಪ್ರಿಲ್ ರಾತ್ರಿಗಳಲ್ಲಿ ಕಾಟ ಜಾಸ್ತಿ. ಲೈವ್ ವ್ಯೂ (ಪರದೆಯಲ್ಲಿ ದೃಶ್ಯವನ್ನು ನೇರವಾಗಿ ತೋರಿಸುವುದು) ಸುಮ್ಮನೆ ಓಡಿಸಬೇಡಿ, ಸೆನ್ಸರ್ ಬಿಸಿಯಾಗುತ್ತದೆ. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆನ್ ಮಾಡಿದರೆ ಕ್ಯಾಮೆರಾ ತಾನೇ ಇನ್ನೊಂದು ಕಪ್ಪು ಫ್ರೇಮ್ ತೆಗೆದು ಮೊದಲನೆಯದರಿಂದ ಕಳೆಯುತ್ತದೆ. ನಾಲ್ಕು ನಿಮಿಷದ ಚಿತ್ರಕ್ಕೆ ಇನ್ನೂ ನಾಲ್ಕು ನಿಮಿಷ ಕಾಯಬೇಕು, ಅಷ್ಟೆ. ಸಾಲಾಗಿ ಹಲವು ಫ್ರೇಮ್ ತೆಗೆದು ನಕ್ಷತ್ರಗಳ ಜಾಡು ಜೋಡಿಸುವವರು ಮಾತ್ರ ಇದನ್ನು ಆಫ್ ಮಾಡಲೇಬೇಕು, ಇಲ್ಲವಾದರೆ ಕಾಯುವ ಹೊತ್ತಿನ ಅಂತರದಿಂದ ಜಾಡು ತುಂಡುತುಂಡಾಗುತ್ತದೆ. ಕೊನೆಯಲ್ಲಿ, ಕ್ಯಾಮೆರಾ ತಣಿಯುವ ಮುನ್ನ, ಕ್ಯಾಪ್ ಹಾಕಿ ಎಂಟು ಹತ್ತು ಕಪ್ಪು ಫ್ರೇಮ್ ತೆಗೆದಿಟ್ಟುಕೊಂಡರೆ ಕಂಪ್ಯೂಟರ್‌ನಲ್ಲಿ ಅವುಗಳ ಸರಾಸರಿಯನ್ನು ಕಳೆಯಬಹುದು.

ಕಪ್ಪು ಫ್ರೇಮ್‌ನಲ್ಲಿ ಅಂಚು ಬೆಳಗಿದ್ದರೆ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಮುಚ್ಚಿ, ಕ್ಯಾಮೆರಾ ಮತ್ತು ಲೆನ್ಸ್ ಜೋಡಣೆಗೆ ದಪ್ಪ ಕಪ್ಪು ಬಟ್ಟೆ ಸುತ್ತಿ ಮತ್ತೆ ತೆಗೆಯಿರಿ. ಮಬ್ಬು ಹೋದರೆ ಬೆಳಕು ಸೋರುತ್ತಿದೆ. ಡಿಎಸ್‌ಎಲ್‌ಆರ್‌ನಲ್ಲಿ ಬೆನ್ನ ಹಿಂದಿನ ದಾರಿದೀಪ ವ್ಯೂಫೈಂಡರ್ ಮೂಲಕ ನುಗ್ಗುವುದೇ ಹೆಚ್ಚು. ಮಬ್ಬು ಉಳಿದರೆ ಅದು ಸೆನ್ಸರ್ ಪಕ್ಕದ ಎಲೆಕ್ಟ್ರಾನಿಕ್ಸ್‌ನದ್ದು. ಒಂದೇ ದೀರ್ಘ ಎಕ್ಸ್‌ಪೋಷರ್ ಬದಲು ಚಿಕ್ಕ ಚಿಕ್ಕವನ್ನು ತೆಗೆದು ಜೋಡಿಸಿ.

ಕಪ್ಪು ಫ್ರೇಮ್ ಶುಭ್ರವಾಗಿದ್ದರೆ ಲೆನ್ಸ್ ಕಡೆ ನೋಡಿ. ಹಸಿರು ಬೊಟ್ಟು ಸಾಮಾನ್ಯವಾಗಿ ಉರಿಯುವ ದೀಪವೊಂದಕ್ಕೆ ಚಿತ್ರದ ನಡುವಿನಿಂದ ನೇರ ಎದುರಿಗೆ ಇರುತ್ತದೆ. ಕ್ಯಾಮೆರಾ ಕೊಂಚ ತಿರುಗಿಸಿ: ದೀಪ ಎಡಕ್ಕೆ ಸರಿದಾಗ ಬೊಟ್ಟು ಬಲಕ್ಕೆ ಸರಿದರೆ ಅದು ಪ್ರತಿಫಲನ. ಯುವಿ ಫಿಲ್ಟರ್ ಕಳಚಿ. ರಾತ್ರಿ ಅದರಿಂದ ಚಿತ್ರಕ್ಕೆ ಪ್ರಯೋಜನವಿಲ್ಲ.

ಫ್ರೇಮ್‌ನಿಂದ ಫ್ರೇಮ್‌ಗೆ ದೀಪಗಳ ಸುತ್ತ ಪ್ರಭೆ ಹಿಗ್ಗುತ್ತಿದ್ದರೆ ಲೆನ್ಸ್ ಮೇಲೆ ಇಬ್ಬನಿ ಕೂತಿದೆ. ಪೊಸಡಿಗುಂಪೆಯಂಥ ಗುಡ್ಡದಲ್ಲಿ ಬೆಳಗಿನ ಜಾವ ಇದೇ ಮುಖ್ಯ ಸಮಸ್ಯೆ. ಪವರ್ ಬ್ಯಾಂಕ್‌ಗೆ ಸಿಕ್ಕಿಸುವ ಹೀಟರ್ ಪಟ್ಟಿಯನ್ನು ಲೆನ್ಸ್‌ಗೆ ಸುತ್ತಿ, ಇಬ್ಬನಿ ಕೂರುವ ಮೊದಲೇ. ಕಡಲ ಬಳಿಯಾದರೆ ಉಪ್ಪಿನ ಪೊರೆಯೂ ಇದ್ದೀತು: ಬ್ಲೋವರ್‌ನಿಂದ ಮರಳು ಹಾರಿಸಿ, ಆಮೇಲೆ ಲೆನ್ಸ್ ದ್ರಾವಣ ತಾಗಿಸಿದ ಬಟ್ಟೆಯಿಂದ ಒರೆಸಿ. ಒಣಗಿದ್ದನ್ನು ಉಜ್ಜಿದರೆ ಗೀರು ಬೀಳುತ್ತದೆ.

ದಿಗಂತದಲ್ಲಿ ಅಂಕುಡೊಂಕು ಗೆರೆ ಮೀನುಗಾರಿಕೆ ದೋಣಿಯ ದೀಪದ್ದು, ಬಿಟ್ಟುಬಿಟ್ಟು ಬರುವ ಚುಕ್ಕಿಗಳ ಸಾಲು ವಿಮಾನದ್ದು. ಎಲ್ಲ ಗೆರೆಗಳೂ ಒಂದೇ ರೀತಿ ಜೋಡಿಯಾಗಿದ್ದರೆ ಟ್ರೈಪಾಡ್ ಮರಳಲ್ಲಿ ಕುಸಿದಿದೆ: ಕಾಲುಗಳನ್ನು ಗಟ್ಟಿ ತಳ ಸಿಗುವವರೆಗೆ ಒತ್ತಿ, ಇಮೇಜ್ ಸ್ಟೆಬಿಲೈಸೇಷನ್ (ಕೈ ನಡುಕವನ್ನು ಸರಿದೂಗಿಸುವ ವ್ಯವಸ್ಥೆ) ಆಫ್ ಮಾಡಿ.