ಅಪ್ಪನ ಹಿಯರಿಂಗ್ ಏಡು, ಕಿವಿ ಗುಗ್ಗೆ – ನನ್ನ ಅನುಭವ

ಹಿಯರಿಂಗ್ ಏಡ್ ಕುಯ್ಯ್ ಅಂತ ಸಿಳ್ಳೆ ಹೊಡೆಯೋಕೆ ಶುರುವಾದ್ರೆ ಎಲ್ರೂ ಬೈಯೋದು ಮೆಷಿನ್ನಿಗೆ. ನಂಗೆ ಮೊದಲು ಡೌಟ್ ಬರೋದು ಗುಗ್ಗೆ ಮೇಲೆ, ಯಾಕಂದ್ರೆ ಒಳಗೆ ಗುಗ್ಗೆ ತುಂಬಿದ್ರೆ ಸೌಂಡು ಮುಂದೆ ಹೋಗದೆ ವಾಪಸ್ ಬಂದು ಮೆಷಿನ್ ಮೈಕಿಗೇ ಹೊಡೆಯತ್ತೆ. ದಿನಾ ಮೆಷಿನ್ ಹಾಕೋರಿಗೆ ಗುಗ್ಗೆ ಕಟ್ಟೋದೂ ಜಾಸ್ತಿ, ಗುಗ್ಗೆ ತಾನಾಗೇ ಹೊರಗೆ ಬರೋ ದಾರೀಲಿ ಮೆಷಿನ್ ಬಿರಡೆ ಥರ ಕೂತಿರತ್ತಲ್ಲ.

ಅಪ್ಪಂಗೆ ಶುಗರ್ ಬೇರೆ ಇದೆ, ಅದಕ್ಕೇ ಬಡ್ಸು, ಹೇರ್‌ಪಿನ್ನು, ಬೆಂಕಿಕಡ್ಡಿ ಯಾವ್ದನ್ನೂ ಕಿವಿ ಹತ್ರ ಬಿಡಲ್ಲ. ಒಳಗಿನ ಚರ್ಮ ತೀರಾ ತೆಳು, ಚೂರು ಗೀರಿದ್ರೂ ಶುಗರ್ ಇರೋ ವಯಸ್ಸಾದೋರಿಗೆ ಇನ್‌ಫೆಕ್ಷನ್ ಮೂಳೆ ತನಕ ಇಳೀಬಹುದು. ಬಡ್ಸ್ ತುದಿಗೆ ಹತ್ತಿದ ಹಳದಿ ನೋಡಿ ಖುಷಿ ಪಡ್ತೀವಿ, ಮಿಕ್ಕಿದ್ದೆಲ್ಲ ಒಳಗಿನ ಕಿವಿ ತಮಟೆ ಕಡೆ ಒತ್ಕೊಂಡು ಹೋಗಿರತ್ತೆ.

ಇಎನ್‌ಟಿ ಡಾಕ್ಟ್ರು ನೋಡಿ ತಮಟೇಲಿ ತೂತಿಲ್ಲ, ಡ್ರಾಪ್ಸ್ ಹಾಕಬಹುದು ಅಂದ್ಮೇಲೇ ನಾನು ಕೈ ಹಾಕಿದ್ದು. ಕಿವಿಗೆ ಅಂತ್ಲೇ ಮೆಡಿಕಲ್ ಶಾಪಲ್ಲಿ ಸಿಗೋ ಆಲಿವ್ ಆಯಿಲ್ ಬಾಟ್ಲಿನ ಅಂಗೈಲಿ ಸ್ವಲ್ಪ ಹೊತ್ತು ಹಿಡ್ಕೊಂಡಿರ್ತೀನಿ, ತಣ್ಣಗಿದ್ರೆ ತಲೆ ತಿರುಗತ್ತೆ ಅಂತಾರೆ ಅಪ್ಪ. ಮೆಷಿನ್ ತೆಗೆದು ಮಗ್ಗುಲಾಗಿ ಮಲಗಿಸಿ ಕಿವೀನ ಮೇಲಕ್ಕೆ, ಹಿಂದಕ್ಕೆ ಮೆತ್ತಗೆ ಎಳೆದ್ರೆ ದಾರಿ ನೆಟ್ಟಗಾಗತ್ತೆ, ಆಗ 2-3 ಹನಿ ಬಿಟ್ಟು 5-10 ನಿಮಿಷ ಹಾಗೇ ಮಲಗಿರ್ಬೇಕು, ಎದ್ಮೇಲೆ ಹೊರಗೆ ಬಂದಷ್ಟನ್ನ ಮಾತ್ರ ಬಟ್ಟೇಲಿ ಒರೆಸೋದು. 3-5 ದಿನ ಹೀಗೇ. ಮಧ್ಯದಲ್ಲಿ "ಇನ್ನೂ ಮಂದ ಆಯ್ತಲ್ಲೇ" ಅಂತಾರೆ, ಗುಗ್ಗೆ ನೆನೆದು ಉಬ್ಬಿದಾಗ ಹಾಗಾಗೋದು ಇದ್ದಿದ್ದೇ.

ಅತ್ತೆ ಹೇಳೋ ಬೆಳ್ಳುಳ್ಳಿ ಕಾಯಿಸಿದ ಬಿಸಿ ಎಣ್ಣೆಗೆ ನಮ್ಮನೇಲಿ ಅಡುಗೇಲಿ ಮಾತ್ರ ಜಾಗ. ಸಿರಿಂಜಲ್ಲಿ ನೀರು ಹೊಡೆಯೋದನ್ನೂ ನಾನು ಮಾಡಲ್ಲ, ಎಣ್ಣೆಗೂ ಬಗ್ಗದಿದ್ರೆ ಡಾಕ್ಟ್ರು ಸಕ್ಷನ್ ಹಾಕಿ ತೆಗೀತಾರೆ.

ಮೆಷಿನ್ ಕ್ಲೀನಿಂಗ್ ಬೆಳಿಗ್ಗೆ ಇಟ್ಕೊಂಡಿದೀನಿ, ರಾತ್ರಿ ಒಣಗಿದ ಗುಗ್ಗೆ ಬ್ರಶ್ಶಿಗೆ ಪುಡಿಪುಡಿಯಾಗಿ ಉದುರತ್ತೆ, ಬ್ರಶ್ ಮಾಡ್ವಾಗ ಮೆಷಿನ್ ಬಾಯಿ ಕೆಳಗೆ ಮಾಡಿ ಹಿಡೀಬೇಕು, ಇಲ್ಲಾಂದ್ರೆ ಪುಡಿ ಒಳಗೇ ಬೀಳತ್ತೆ. ತುದೀಲಿರೋ ಪುಟಾಣಿ ಬಿಳಿ ಫಿಲ್ಟರ್ ಕಟ್ಕೊಂಡ್ರೂ ಸೌಂಡ್ ನಿಂತೋಗತ್ತೆ, ಬ್ಯಾಟರಿ ಹೋಯ್ತು ಅನ್ಕೊಳೋ ಮುಂಚೆ ಅದನ್ನ ಬದಲಾಯಿಸಿ ನೋಡಿ.

ನೋವು, ಸೋರೋದು ಇದ್ರೆ ಯಾವ ಡ್ರಾಪ್ಸೂ ಬೇಡ, ಡಾಕ್ಟ್ರ ಹತ್ರ ಹೋಗಿ. ಒಂದು ಕಿವಿ ಇದ್ದಕ್ಕಿದ್ದಂಗೆ ಕೇಳ್ದೇ ಹೋದ್ರಂತೂ ಗುಗ್ಗೆ ಅಂತ ಎಣ್ಣೆ ಬಿಟ್ಕೊಂಡು ಕೂರ್ಬೇಡಿ, ನರದ ತೊಂದರೆ ಆಗಿದ್ರೆ ಅದರ ಟ್ರೀಟ್‌ಮೆಂಟ್ ಲೇಟಾದಷ್ಟೂ ಕಷ್ಟ, ಅವತ್ತೇ ತೋರಿಸಿ.