ಮನಃಶಾಸ್ತ್ರದ ಮೊದಲ ವರ್ಷವನ್ನು ನಾನು ಕಲಿಸುವ ಬಗೆ

ಪದವಿಯ ಮೊದಲ ವರ್ಷದ ಮನಃಶಾಸ್ತ್ರ ಶುರುವಾಗುವುದೇ ಮೂರು ವಿಷಯಗಳಿಂದ: ಈ ಶಾಸ್ತ್ರದ ಮುಖ್ಯ ದೃಷ್ಟಿಕೋನಗಳು, ಸಂಶೋಧನಾ ವಿಧಾನಗಳು, ಸಂಶೋಧನೆಯ ನೀತಿ (ಎಥಿಕ್ಸ್). ಪುಸ್ತಕಗಳಲ್ಲಿ ಸಾಮಾನ್ಯವಾಗಿ ಇದೇ ಕ್ರಮ. ನೀತಿಗೆ ಅಧ್ಯಾಯದ ಕೊನೆಯಲ್ಲಿ ಒಂದೆರಡು ಪುಟ ಸಿಗುತ್ತದೆ. ಪರೀಕ್ಷೆಗೆ ಅದೊಂದು ಲಘು ಟಿಪ್ಪಣಿ. ನಾನು ಈ ಕ್ರಮ ಬಿಟ್ಟು ಬಹಳ ಕಾಲವಾಯಿತು. ವಿಧಾನವನ್ನೂ ನೀತಿಯನ್ನೂ ಒಟ್ಟಿಗೇ ಕಲಿಸುತ್ತೇನೆ, ದೃಷ್ಟಿಕೋನಗಳನ್ನು ಕೊನೆಗೆ ತೆಗೆದುಕೊಳ್ಳುತ್ತೇನೆ. ಇದಕ್ಕೆ ಕಾರಣವಿದೆ. ‘ಬೇಡ’ ಎನ್ನಲು ಆಗದ ಸ್ಥಿತಿಯಲ್ಲಿರುವವರು ಕೊಡುವ ಉತ್ತರ ಸಂಶೋಧನೆಯ ಕೆಲಸಕ್ಕೂ ಬರುವುದಿಲ್ಲ. ಎದುರಿಗೆ ಕೂತವರಿಗೆ ಎಲ್ಲಿ ಅನ್ಯಾಯವಾಗಿದೆಯೋ ಅಲ್ಲೇ ನಮ್ಮ ಮಾಹಿತಿಯೂ ಕೆಟ್ಟಿರುತ್ತದೆ. ಇದನ್ನು ವಿದ್ಯಾರ್ಥಿಗಳು ತಾವೇ ಮಾಡಿ ತಿಳಿಯಬೇಕು.

ಮೊದಲ ವಾರ ಪುಸ್ತಕ ತೆರೆಸುವುದಿಲ್ಲ. ಎರಡು ಕಾರು ಅಪಘಾತಕ್ಕೀಡಾಗುವ ಚಿಕ್ಕ ದೃಶ್ಯವೊಂದನ್ನು ತೋರಿಸುತ್ತೇನೆ. ಯಾರಿಗೂ ಪೆಟ್ಟಾಗದ ದೃಶ್ಯ ಅದು. ‘ಅಪಘಾತದ ಸದ್ಯದ ನೆನಪು ಯಾರಿಗಾದರೂ ಇದ್ದರೆ ಹೊರಗೆ ಹೋಗಬಹುದು, ಕಾರಣ ಹೇಳಬೇಕಾಗಿಲ್ಲ’ ಎಂದು ಮೊದಲೇ ಹೇಳಿರುತ್ತೇನೆ. ಆಮೇಲೆ ಎಲ್ಲರಿಗೂ ಒಂದೊಂದು ಚೀಟಿ. ಅರ್ಧ ಚೀಟಿಗಳಲ್ಲಿ ‘ಕಾರುಗಳು ಒಂದಕ್ಕೊಂದು ಗುದ್ದಿದಾಗ ಎಷ್ಟು ವೇಗದಲ್ಲಿದ್ದವು?’ ಎಂಬ ಪ್ರಶ್ನೆ. ಉಳಿದರ್ಧದಲ್ಲಿ ಗುದ್ದಿದಾಗ ಇಲ್ಲ, ‘ತಾಗಿದಾಗ’ ಇದೆ. ಇದು ಅಮೆರಿಕದ ಮನಃಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗದ ನಮ್ಮ ತರಗತಿಯ ರೂಪ. ಅವರ ಪ್ರಯೋಗದಲ್ಲಿ ಅತಿ ಜೋರಿನ ಕ್ರಿಯಾಪದ ಓದಿದವರು ಹೇಳಿದ ಸರಾಸರಿ ವೇಗ ಗಂಟೆಗೆ 40.8 ಮೈಲಿ, ಅತಿ ಮೆತ್ತನೆಯದನ್ನು ಓದಿದವರು ಹೇಳಿದ್ದು 31.8 ಮೈಲಿ. ಇನ್ನೊಂದು ಸುತ್ತಿನಲ್ಲಿ ವಾರ ಬಿಟ್ಟು ‘ಒಡೆದ ಗಾಜು ನೋಡಿದಿರಾ?’ ಎಂದು ಕೇಳಿದರು. ಜೋರಿನ ಪದ ಓದಿದ್ದ 50 ಜನರಲ್ಲಿ 16 ಮಂದಿ ಹೌದೆಂದರು. ಆ ದೃಶ್ಯದಲ್ಲಿ ಒಡೆದ ಗಾಜೇ ಇರಲಿಲ್ಲ.

ಈ ಪಾಠದಲ್ಲಿ ನಾನು ಹೆಚ್ಚು ಸಮಯ ಕೊಡುವುದು ಚೀಟಿ ಹಂಚುವುದಕ್ಕೆ. ‘ನೀವೇ ಎರಡು ಗುಂಪಾಗಿ’ ಎಂದರೆ ಬಲಗಡೆಯ ಬೆಂಚಿನವರು ಒಂದು ಗುಂಪು, ಎಡಗಡೆಯವರು ಇನ್ನೊಂದು. ನಮ್ಮಲ್ಲಿ ಬಲಗಡೆ ಹುಡುಗಿಯರು, ಎಡಗಡೆ ಹುಡುಗರು. ಬೇಡ ಎಂದರೆ ಮುಂದಿನವರು, ಹಿಂದಿನವರು ಎನ್ನುತ್ತಾರೆ. ಹಿಂದಿನವರಿಗೆ ಪರದೆ ಸರಿಯಾಗಿ ಕಾಣಿಸಿರುವುದಿಲ್ಲ. ಆಗ ಸಿಗುವ ವ್ಯತ್ಯಾಸ ಚೀಟಿಯಿಂದ ಬಂತೋ, ಕೂತ ಜಾಗದಿಂದ ಬಂತೋ ಹೇಳುವುದು ಹೇಗೆ? ಈ ಪ್ರಶ್ನೆಯನ್ನು ಹಾಕಿ ನಾನು ಸುಮ್ಮನಿರುತ್ತೇನೆ. ಯಾರಾದರೊಬ್ಬರು ‘ಚೀಟಿಗಳನ್ನೇ ಕಲೆಸಿಬಿಡಿ ಮೇಡಂ’ ಎನ್ನುತ್ತಾರೆ. ಯಾದೃಚ್ಛಿಕ ಹಂಚಿಕೆ ಎಂಬ ಬಾಯಿಗೆ ಬಾರದ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು ಅದಾದ ಮೇಲೆ. ಸ್ವತಂತ್ರ ಚರ ಯಾವುದು, ಅವಲಂಬಿತ ಚರ ಯಾವುದು ಎಂಬ ಗೊಂದಲವೂ ಎಲ್ಲ ಮುಗಿಯುವಷ್ಟರಲ್ಲಿ ತಾನಾಗಿ ಕರಗಿರುತ್ತದೆ. ನಾವು ಬದಲಿಸಿದ್ದು ಪದವನ್ನು, ಅಳೆದದ್ದು ಅವರು ಬರೆದ ವೇಗವನ್ನು.

ನಮ್ಮ ತರಗತಿಯ ಫಲಿತಾಂಶ ಪ್ರತಿ ವರ್ಷ ಲಾಫ್ಟಸ್ ಅವರದ್ದರ ಹಾಗೆ ಬರುವುದಿಲ್ಲ. ಬಾರದಿದ್ದರೆ ಬಾರದ ಅಂಕಿಗಳನ್ನೇ ಬೋರ್ಡಿನ ಮೇಲೆ ಬಿಡುತ್ತೇನೆ. ನಮ್ಮ ಗುಂಪು ಚಿಕ್ಕದು, ದೃಶ್ಯ ಬೇರೆ, ಭಾಷೆ ಬೇರೆ. ‘ಹಾಗಾದರೆ ಪುಸ್ತಕದಲ್ಲಿರುವುದು ಸುಳ್ಳೇ?’ ಎಂಬ ಪ್ರಶ್ನೆ ಬಂದಾಗ 2015ರ ಒಂದು ದೊಡ್ಡ ಪ್ರಯತ್ನದ ವಿಷಯ ಹೇಳುತ್ತೇನೆ. ಮನಃಶಾಸ್ತ್ರದ ಪ್ರಕಟಿತ ಅಧ್ಯಯನಗಳಲ್ಲಿ 100ನ್ನು ಸಂಶೋಧಕರ ದೊಡ್ಡ ಬಳಗವೊಂದು ಹೊಸದಾಗಿ ಮಾಡಿ ನೋಡಿತು. ಮೂಲದಲ್ಲಿ ಶೇ. 97ರಷ್ಟು ಅಧ್ಯಯನಗಳಿಗೆ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಗಣನೀಯ, ಎಂದರೆ ಬರೀ ಆಕಸ್ಮಿಕ ಎನ್ನಲಾಗದ ಫಲಿತಾಂಶವಿತ್ತು, ಮರುಪ್ರಯೋಗದಲ್ಲಿ ಅದು ಶೇ. 36ಕ್ಕೆ ಇಳಿಯಿತು. ಮೊದಲ ವರ್ಷದವರಿಗೆ ಇದನ್ನು ಹೇಳಿದರೆ ನಂಬಿಕೆ ಹೋಗುತ್ತದೆ ಎನ್ನುವ ಸಹೋದ್ಯೋಗಿಗಳಿದ್ದಾರೆ. ನಾನು ಒಪ್ಪುವುದಿಲ್ಲ. ತನ್ನ ಫಲಿತಾಂಶಗಳನ್ನು ತಾನೇ ಮತ್ತೆ ಪರೀಕ್ಷಿಸಿ, ಬಂದದ್ದನ್ನು ಬಂದ ಹಾಗೆ ಪ್ರಕಟಿಸಿದ ಶಾಸ್ತ್ರದ ಮೇಲೆ ನನಗೆ ಗೌರವ ಹೆಚ್ಚಾಗಿದೆ. ವಿದ್ಯಾರ್ಥಿಗಳಿಗೂ ಹಾಗೇ ಅನಿಸುವುದನ್ನು ಕಂಡಿದ್ದೇನೆ.

ಎಲ್ಲರೂ ಉತ್ತರ ಬರೆದ ಮೇಲೆ, ಎರಡು ಬಗೆಯ ಚೀಟಿಗಳಲ್ಲಿ ಬೇರೆಯಾಗಿದ್ದದ್ದು ಒಂದು ಪದವೆಂದು ತಿಳಿಸುತ್ತೇನೆ. ‘ಅಂದ್ರೆ ನೀವು ನಮಗೆ ಪೂರ್ತಿ ಹೇಳಿರಲಿಲ್ಲ’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಲೆಂದೇ ನಾನು ಕಾಯುತ್ತಿರುತ್ತೇನೆ. ಎಷ್ಟು ಮುಚ್ಚಿಟ್ಟೆ, ಏಕೆ ಮುಚ್ಚಿಟ್ಟೆ, ಮುಚ್ಚಿಡದೆ ಈ ಪ್ರಯೋಗ ಸಾಧ್ಯವಿತ್ತೇ, ಈಗ ಗೊತ್ತಾದ ಮೇಲೆ ನಿಮ್ಮ ಚೀಟಿ ವಾಪಸ್ ಬೇಕೇ? ವಾಪಸ್ ಕೇಳಿದವರಿಗೆ ಕೊಟ್ಟುಬಿಡುತ್ತೇನೆ. ಅಲ್ಲಿಂದ ಸ್ಟಾನ್ಲಿ ಮಿಲ್‌ಗ್ರಾಮ್ ಅವರ ಪ್ರಯೋಗಕ್ಕೆ ಹೋಗಲು ದಾರಿ ಸಲೀಸು.

ಯೇಲ್ ವಿಶ್ವವಿದ್ಯಾಲಯದಲ್ಲಿ 1961ರಲ್ಲಿ ಶುರುವಾಗಿ 1963ರಲ್ಲಿ ಪ್ರಕಟವಾದ ಆ ಪ್ರಯೋಗ ಹೆಸರುವಾಸಿ. ತಪ್ಪು ಉತ್ತರ ಕೊಟ್ಟವನಿಗೆ ಶಾಕ್ ಕೊಡಿ ಎಂದರೆ ಜನ ಎಲ್ಲಿಯವರೆಗೆ ಮಾತು ಕೇಳುತ್ತಾರೆ ಎಂದು ನೋಡಿದ್ದು ಅದು. ಬೂದು ಕೋಟಿನ ಪ್ರಯೋಗಕರ್ತ, 15ರಿಂದ 450 ವೋಲ್ಟ್‌ವರೆಗೆ 30 ಸ್ವಿಚ್ಚು, ಆಚೆ ಕೋಣೆಯಲ್ಲಿ ಶಾಕ್ ತಗಲಿದಂತೆ ನಟಿಸುವವನು. 40 ಗಂಡಸರಲ್ಲಿ 26 ಮಂದಿ ಕೊನೆಯ ಸ್ವಿಚ್ಚಿನವರೆಗೆ ಹೋದರು. ವಿದ್ಯಾರ್ಥಿಗಳು ಈ 26ನ್ನೇ ಹಿಡಿದುಕೊಂಡು ಮನುಷ್ಯನ ಸ್ವಭಾವದ ಬಗ್ಗೆ ಚರ್ಚೆಗೆ ಇಳಿಯುತ್ತಾರೆ. ನಾನು ಅವರನ್ನು ಬೇರೆ ಕಡೆ ಎಳೆಯುತ್ತೇನೆ. ಸ್ವಿಚ್ಚು ಒತ್ತುತ್ತಿದ್ದವರು ಬೆವರಿದರು, ನಡುಗಿದರು, ನಿಲ್ಲಿಸೋಣವೆಂದರು. ‘ನೀವು ಮುಂದುವರಿಸಲೇಬೇಕು’ ಎಂಬ ಅರ್ಥದ ಮಾತು ಪ್ರಯೋಗಕರ್ತನಿಂದ ಮತ್ತೆ ಮತ್ತೆ ಬಂತು. ಹಿಂದೆ ಸರಿಯುವ ಹಕ್ಕು ಅವರಿಗೆ ಆಗ ಎಷ್ಟರ ಮಟ್ಟಿಗೆ ಇತ್ತು? 1964ರಲ್ಲೇ ಮನಃಶಾಸ್ತ್ರಜ್ಞೆ ಡಯಾನಾ ಬೌಮ್‌ರಿಂಡ್ ಈ ಪ್ರಶ್ನೆ ಎತ್ತಿದರು. ಆ ಪ್ರಯೋಗವನ್ನೇ ಮತ್ತೆ ಮಾಡಿ 2009ರಲ್ಲಿ ಪ್ರಕಟಿಸಿದ ಜೆರಿ ಬರ್ಗರ್ 150 ವೋಲ್ಟಿಗೆ ನಿಲ್ಲಿಸಿದರು, ಆತಂಕಕ್ಕೆ ಒಳಗಾಗಬಹುದಾದವರನ್ನು ಮೊದಲೇ ಹೊರಗಿಟ್ಟರು, ಯಾವಾಗ ಬೇಕಾದರೂ ಎದ್ದು ಹೋಗಬಹುದೆಂದು ಹೇಳಿದರು. ಹೀಗೂ ಮಾಡಬಹುದಿತ್ತು ಎಂಬುದಕ್ಕೆ ಇದೇ ಸಾಕ್ಷಿ.

1971ರ ಸ್ಟ್ಯಾನ್‌ಫರ್ಡ್ ಕಾರಾಗೃಹ ಪ್ರಯೋಗಕ್ಕೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ವಿದ್ಯಾರ್ಥಿಗಳಲ್ಲಿ ಕೆಲವರನ್ನು ಕೈದಿಗಳಾಗಿ, ಕೆಲವರನ್ನು ಕಾವಲುಗಾರರಾಗಿ ಮಾಡಿ, ಎರಡು ವಾರವೆಂದು ಶುರುವಾಗಿ ಆರು ದಿನಕ್ಕೆ ನಿಂತದ್ದು ಅದು. ಕಾವಲುಗಾರರಿಗೆ ಇನ್ನಷ್ಟು ಬಿಗಿಯಾಗಿರಲು ಒತ್ತಾಯಿಸಿದ್ದು ಧ್ವನಿಮುದ್ರಣಗಳಿಂದ ಹೊರಬಿದ್ದಿದೆ. ಪಾತ್ರವೇ ಮನುಷ್ಯನನ್ನು ಕ್ರೂರಿಯಾಗಿಸಿತೆಂಬ ತೀರ್ಮಾನ ಅದರಿಂದ ಸಡಿಲವಾಯಿತು. ನಾನು ಹೇಳುವ ಮಾತಿಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗಲಿಕ್ಕಿಲ್ಲ: ನೀತಿಯಲ್ಲೂ ಸೋತಿತು, ವಿಧಾನದಲ್ಲೂ ಸೋತಿತು.

ನಿಯಮಗಳು ಎಲ್ಲಿಂದ ಬಂದವು ಎಂಬುದಕ್ಕೆ ಅಲಬಾಮಾದ ಟಸ್ಕೀಗಿ ಕಥೆಯನ್ನು ಹೇಳಲೇಬೇಕು. 1932ರಿಂದ 1972ರವರೆಗೆ ಸಿಫಿಲಿಸ್ ಎಂಬ ಲೈಂಗಿಕ ರೋಗವಿದ್ದ 399 ಕಪ್ಪು ಜನಾಂಗದ ಗಂಡಸರಿಗೆ ರೋಗದ ಹೆಸರನ್ನೂ ಹೇಳದೆ, ಪೆನಿಸಿಲಿನ್ ಬಂದ ಮೇಲೂ ಅದನ್ನು ಕೊಡದೆ, ಸುಮ್ಮನೆ ಗಮನಿಸುತ್ತ ಹೋದರು. ನಡೆಸಿದ್ದು ಅಮೆರಿಕ ಸರ್ಕಾರದ ಸಾರ್ವಜನಿಕ ಆರೋಗ್ಯ ಇಲಾಖೆ. ಆ ಆಘಾತದಿಂದ ಬಂದದ್ದು ಮನುಷ್ಯರ ಮೇಲಿನ ಸಂಶೋಧನೆಯ ನೀತಿಯನ್ನು ಕುರಿತ ಅಮೆರಿಕದ 1979ರ ಬೆಲ್ಮಾಂಟ್ ವರದಿ. ವ್ಯಕ್ತಿಗೆ ಗೌರವ, ಒಳಿತು, ನ್ಯಾಯ ಎಂಬ ಮೂರು ತತ್ವಗಳನ್ನು ಅದು ಕೊಟ್ಟಿತು. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಇದೆ. 18 ತುಂಬದವರಾದರೆ ಪೋಷಕರ ಒಪ್ಪಿಗೆಯ ಜೊತೆಗೆ, ಏಳು ದಾಟಿದ ಮಗುವಿನ ಸಮ್ಮತಿಯೂ ಬೇಕು. ಓದುಬರಹ ಬಾರದವರಾದರೆ ಹೆಬ್ಬೆಟ್ಟು ಸಾಲದು, ನಿಷ್ಪಕ್ಷಪಾತಿ ಸಾಕ್ಷಿಯೊಬ್ಬರು ಇರಬೇಕು.

ಇಷ್ಟಾದ ಮೇಲೆ ವಿದ್ಯಾರ್ಥಿಗಳದೇ ಚಿಕ್ಕ ಅಧ್ಯಯನ. ಪ್ರಯೋಗವಲ್ಲ, ಸಂದರ್ಶನ ಅಥವಾ ಪ್ರಶ್ನಾವಳಿ. ನನಗೆ ಅತಿ ಹೆಚ್ಚು ಕಲಿಸಿದ್ದು ಈ ಹಂತ.

ಒಬ್ಬ ವಿದ್ಯಾರ್ಥಿನಿ ಮನೆಗೆಲಸದವರ ಒತ್ತಡದ ಬಗ್ಗೆ ಕೇಳಬೇಕೆಂದು ಬಂದಳು. ಒಳ್ಳೆಯ ವಿಷಯ, ಪ್ರಶ್ನೆಗಳೂ ಚೆನ್ನಾಗಿದ್ದವು.

‘ಯಾರನ್ನ ಕೇಳ್ತೀಯಮ್ಮಾ?’

‘ನಮ್ಮನೆಗೆ ಬರೋ ಅಕ್ಕನ್ನೇ ಮೇಡಂ. ಅವರು ಇಲ್ಲ ಅನ್ನಲ್ಲ.’

‘ಇಲ್ಲ ಅಂದ್ರೆ ನಿಮ್ಮಮ್ಮ ಏನಂತಾರೆ?’

ಅವಳು ತಕ್ಷಣ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾನೇ ಹೇಳಿದಳು: ‘ಅವರು ನನ್ನ ಹತ್ರ ನಿಮ್ಮನೇಲಿ ಕೆಲ್ಸ ಜಾಸ್ತಿ ಅಂತ ಹೇಳೋಕಾಗಲ್ಲ ಅಲ್ವಾ ಮೇಡಂ?’ ನಾನು ಇಡೀ ತಿಂಗಳು ಬೋರ್ಡಿನ ಮೇಲೆ ಹೇಳಲು ಹೊರಟದ್ದು ಈ ಒಂದು ಮಾತಿನಲ್ಲಿತ್ತು. ಸಂಬಳ ಕೊಡುವ ಮನೆಯ ಮಗಳು ಕೇಳಿದರೆ ‘ಚೆನ್ನಾಗಿದೀನಿ ಕಣವ್ವ’ ಎಂಬ ಉತ್ತರವೇ ಬರುತ್ತದೆ. ಹತ್ತು ಮನೆಯ ಹುಡುಗಿಯರು ಹೀಗೆ ಕೇಳಿ ತಂದರೆ ಮನೆಗೆಲಸದವರಿಗೆ ಒತ್ತಡವೇ ಇಲ್ಲ ಎಂಬ ತೀರ್ಮಾನಕ್ಕೂ ಬರಬಹುದು. ಕೊನೆಗೆ ಅವಳು ತನ್ನ ಮನೆಗೂ ಬೀದಿಗೂ ಸಂಬಂಧವಿಲ್ಲದ ಬಡಾವಣೆಗೆ ಹೋದಳು. ಪರಿಚಯವಿದ್ದ ಸ್ವಸಹಾಯ ಸಂಘದವರ ಮೂಲಕ ವಿಷಯ ತಿಳಿಸಿ, ಇಷ್ಟವಿದ್ದವರೇ ಬರಲೆಂದು ಕಾದಳು. ಬಂದವರು ಕಡಿಮೆ. ಆದರೆ ಅವರು ಮಾತಾಡಿದರು.

ಹಾಸ್ಟೆಲಿನಲ್ಲಿ ಖಿನ್ನತೆ ಅಳೆಯುತ್ತೇವೆ ಎನ್ನುವವರು ಪ್ರತಿ ವರ್ಷ ಇರುತ್ತಾರೆ. ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಸುಲಭವಾಗಿ ಸಿಗುತ್ತದೆ. ಒಂಬತ್ತೇ ಪ್ರಶ್ನೆ, ಅಂಕ ಕೂಡಿಸಿದರೆ ಆಯಿತು. ನಾನು ಅದರ ಒಂಬತ್ತನೆಯ ಪ್ರಶ್ನೆಯನ್ನು ಗಟ್ಟಿಯಾಗಿ ಓದಿಸುತ್ತೇನೆ. ಸತ್ತರೆ ಒಳ್ಳೆಯದು, ತನಗೆ ತಾನೇ ಹಾನಿ ಮಾಡಿಕೊಳ್ಳಬೇಕು ಎಂಬ ಯೋಚನೆ ಬರುತ್ತಿದೆಯೇ ಎಂದು ಕೇಳುವ ಪ್ರಶ್ನೆ ಅದು. ‘ನಿನ್ನ ಪಕ್ಕದ ರೂಮಿನವಳು ಹೌದು ಅಂತ ಗುರುತು ಹಾಕಿದರೆ ಆ ರಾತ್ರಿ ನೀನು ಏನು ಮಾಡ್ತೀಯ? ಹೆಸರು ಬರೆಸಿಕೊಳ್ಳದಿದ್ದರೆ ಯಾರೆಂದು ಹೇಗೆ ಗೊತ್ತಾಗುತ್ತೆ? ಬರೆಸಿಕೊಂಡರೆ ಯಾರಿಗೆ ಹೇಳ್ತೀಯ?’ ಇವಕ್ಕೆ ಉತ್ತರವಿಲ್ಲದೆ ಪ್ರಶ್ನೆ ಕೇಳುವ ಅಧಿಕಾರ ನಮಗಿಲ್ಲ. ಹಾಗಾಗಿ ಮೊದಲ ವರ್ಷದವರಿಗೆ ಆ ವಿಷಯ ಕೊಡುವುದೇ ಇಲ್ಲ. ಯಾವ ವಿಷಯವೇ ಆಗಲಿ, ಒಪ್ಪಿಗೆ ಪತ್ರದ ಕೆಳಗೆ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆಸುತ್ತೇನೆ.

ಹೆಸರು ತೆಗೆದರೆ ಗುರುತು ಹೋಯಿತೆಂದು ವಿದ್ಯಾರ್ಥಿಗಳು ತಿಳಿದಿರುತ್ತಾರೆ. ನಮ್ಮಂಥ ಚಿಕ್ಕ ಊರಿನಲ್ಲಿ ‘ಇಂಥ ಹಳ್ಳಿ, ಎರಡನೇ ವರ್ಷದ ಬಿ.ಕಾಂ., ತಂದೆ ಇಲ್ಲ’ ಎಂದು ಬರೆದರೆ ಹೆಸರು ಬರೆದಷ್ಟೇ ಆಯಿತು. ವರದಿಯನ್ನು ಆ ಊರಿನವರೇ ಆದ ಸಹಪಾಠಿಗೆ ಓದಲು ಕೊಡಿ, ಯಾರದೆಂದು ಗೊತ್ತಾದರೆ ಬದಲಿಸಿ, ಎಂದು ಹೇಳುತ್ತೇನೆ.

ಸಹಸಂಬಂಧ, ಎಂದರೆ ಎರಡು ಸಂಗತಿಗಳು ಒಟ್ಟಿಗೆ ಬದಲಾದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ ಎಂಬ ಪಾಠಕ್ಕೆ ಮೊಬೈಲ್ ಮತ್ತು ನಿದ್ದೆ ಸಾಕು. ಫೋನ್ ಹೆಚ್ಚು ನೋಡುವವರು ಕಡಿಮೆ ಮಲಗುತ್ತಾರೆ ಎಂದು ಮಾಹಿತಿ ತೋರಿಸಿದರೆ, ನಿದ್ದೆ ಬಾರದವರೇ ಫೋನ್ ಹಿಡಿಯುತ್ತಿರಬಹುದು, ಇಂಟರ್ನಲ್ಸ್ ಹತ್ತಿರವಾದಾಗ ಎರಡೂ ಒಟ್ಟಿಗೆ ಕೆಡುತ್ತಿರಬಹುದು. ಇದನ್ನು ಅವರೇ ಹೇಳುತ್ತಾರೆ.

ದೃಷ್ಟಿಕೋನಗಳಿಗೆ ಬರುವ ಹೊತ್ತಿಗೆ ಅವರ ಕೈಯಲ್ಲಿ ತಮ್ಮದೇ ಸಂದರ್ಶನಗಳಿರುತ್ತವೆ. ಒಂದು ತಂಡ ತಂದ ಪರೀಕ್ಷಾಭಯದ ಮಾತುಗಳನ್ನೇ ನಡುವೆ ಇಡುತ್ತೇನೆ. ಹೊರಗೆ ಕಾಣುವ ನಡವಳಿಕೆಯನ್ನೇ ನೋಡುವ ವರ್ತನಾವಾದಿಯ ಕಣ್ಣಿಗೆ ಬೀಳುವುದು ಏಳನೇ ತರಗತಿಯಲ್ಲಿ ಎಲ್ಲರೆದುರು ತಿಂದ ಪೆಟ್ಟು, ಆಮೇಲೆ ಪರೀಕ್ಷೆಯ ದಿನ ಬರುವ ಹೊಟ್ಟೆನೋವಿಗೆ ಸಿಕ್ಕ ರಜೆ. ಸಂಜ್ಞಾನದ, ಎಂದರೆ ಯೋಚನೆಯ ದೃಷ್ಟಿಯವರು ‘ಫೇಲಾದರೆ ನನ್ನ ಬದುಕೇ ಮುಗೀತು’ ಎಂಬ ವಾಕ್ಯದ ಕೆಳಗೆ ಗೆರೆ ಎಳೆಯುತ್ತಾರೆ. ಜೈವಿಕ ದೃಷ್ಟಿ ಎದೆಬಡಿತ, ನಿದ್ದೆ, ಹಾರ್ಮೋನುಗಳತ್ತ ಹೋಗುತ್ತದೆ. ಕಾರ್ಲ್ ರೋಜರ್ಸ್ ಅವರ ಮಾನವತಾವಾದ, ಅಂಕ ಬಂದರೆ ಮಾತ್ರ ಸಿಗುವ ಪ್ರೀತಿಯ ಬಗ್ಗೆ ಕೇಳುತ್ತದೆ. ಫ್ರಾಯ್ಡ್ ಕಡೆಯವರು ಹೇಳುವ ಸುಪ್ತಮನಸ್ಸಿನ ಸಂಗತಿಯನ್ನು ನಮ್ಮ ಪ್ರಶ್ನಾವಳಿಯಿಂದ ಅಳೆಯಲಾಗುವುದಿಲ್ಲ, ಅದನ್ನೂ ಹೇಳಿ ಮುಂದೆ ಹೋಗುತ್ತೇನೆ. ಯಾವ ದೃಷ್ಟಿ ಹಿಡಿದಿರೋ ಅದಕ್ಕೆ ತಕ್ಕ ವಿಧಾನ ಬೇಕೆಂಬುದು ಇಲ್ಲಿ ಅವರಿಗೆ ಹೊಳೆಯುತ್ತದೆ.

ಸಂಸ್ಕೃತಿಯ ದೃಷ್ಟಿಕೋನಕ್ಕೆ ಮೈಸೂರಿಗೇ ಬರಬೇಕು. ಮಹಾರಾಜಾ ಕಾಲೇಜಿನಲ್ಲಿ 1924ರಲ್ಲೇ ಮನಃಶಾಸ್ತ್ರ ವಿಭಾಗ ಶುರುವಾಗಿತ್ತು. ಲಂಡನ್ನಿನಲ್ಲಿ ಹೆಸರಾಂತ ಮನಃಶಾಸ್ತ್ರಜ್ಞ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ ಅದನ್ನು ಕಟ್ಟಿದರು. 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ರೇಡಿಯೊ ಶುರುಮಾಡಿದವರೂ ಅವರೇ ಎಂದಾಗ ತರಗತಿಗೆ ಖುಷಿಯಾಗುತ್ತದೆ. ಇದೇ ಮೈಸೂರಿನಲ್ಲಿ ಅಮೆರಿಕದ ಜೋನ್ ಮಿಲ್ಲರ್ ಮಾಡಿದ ಅಧ್ಯಯನ 1984ರಲ್ಲಿ ಪ್ರಕಟವಾಯಿತು. ಒಬ್ಬರು ಹೀಗೇಕೆ ನಡೆದುಕೊಂಡರು ಎಂದು ಕೇಳಿದರೆ ಅಮೆರಿಕದ ವಯಸ್ಕರು ಹೆಚ್ಚಾಗಿ ಅವರ ಸ್ವಭಾವವನ್ನು ಕಾರಣವಾಗಿ ಹೇಳಿದರು, ಮೈಸೂರಿನ ವಯಸ್ಕರು ಸಂದರ್ಭವನ್ನು, ಸಂಬಂಧಗಳನ್ನು ಹೇಳಿದರು. ಎಂಟು ವರ್ಷದ ಮಕ್ಕಳಲ್ಲಿ ಈ ವ್ಯತ್ಯಾಸ ಹೆಚ್ಚು ಇರಲಿಲ್ಲ, ವಯಸ್ಸಿನೊಂದಿಗೆ ಬೆಳೆಯಿತು. ಮೋಟಾರ್ ಬೈಕ್ ಅಪಘಾತದಲ್ಲಿ ಗಾಯಗೊಂಡ ಹಿಂಬದಿ ಸವಾರನನ್ನು ಆಸ್ಪತ್ರೆಗೆ ಬಿಟ್ಟು ಕೋರ್ಟಿಗೆ ಹೋದ ವಕೀಲನ ಪ್ರಸಂಗ ಅದರಲ್ಲಿದೆ. ಅದನ್ನು ಓದಿ ‘ಯಾಕೆ ಹೋದ?’ ಎಂದು ನನ್ನ ವಿದ್ಯಾರ್ಥಿಗಳನ್ನೂ ಕೇಳುತ್ತೇನೆ. ಸ್ವಾರ್ಥಿ ಎನ್ನುವವರೂ, ಕೋರ್ಟಿನ ಕೆಲಸ ಬಿಡಲಾಗದ ಅವನ ಪಾಡು ಏನೋ ಎನ್ನುವವರೂ ಒಂದೇ ಬೆಂಚಿನಲ್ಲಿ ಸಿಗುತ್ತಾರೆ. ಅಮೆರಿಕದ ಕಾಲೇಜು ಹುಡುಗರ ಮೇಲೆ ಮಾಡಿದ ಪ್ರಯೋಗವನ್ನು ಎಲ್ಲ ಮನುಷ್ಯರ ಮನಸ್ಸು ಎಂದು ಓದಬಾರದೆಂದು ಆಮೇಲೆ ಬೇರೆ ಹೇಳಬೇಕಾಗುವುದಿಲ್ಲ.

ಅಂಕ ಕೊಡುವ ರೀತಿಯನ್ನೂ ಹೇಳಬೇಕು, ಏಕೆಂದರೆ ಮಕ್ಕಳು ನಾವು ಹೇಳಿದ್ದಕ್ಕಿಂತ ಹೆಚ್ಚಾಗಿ ನಾವು ಅಂಕ ಕೊಟ್ಟಿದ್ದನ್ನು ಕಲಿಯುತ್ತಾರೆ. ರೆಕಾರ್ಡ್ ಪುಸ್ತಕದಲ್ಲಿ ಎಷ್ಟು ಜನರನ್ನು ಕೇಳಿದಿರಿ, ಎಷ್ಟು ಜನ ಬೇಡವೆಂದರು, ಎಷ್ಟು ಜನ ನಡುವೆ ಎದ್ದು ಹೋದರು ಎಂಬ ಪುಟ ಕಡ್ಡಾಯ. ಬೇಡವೆಂದವರು ಹೆಚ್ಚಿದ್ದರೆ ಅಂಕ ಕಡಿಮೆಯಾಗುವುದಿಲ್ಲ. ಕೇಳಿದವರೆಲ್ಲರೂ ಒಪ್ಪಿದರೆಂದು ಬರೆದಿದ್ದರೆ ಆ ವಿದ್ಯಾರ್ಥಿಯನ್ನು ಕರೆಸಿ, ಎಲ್ಲಿ, ಯಾರೆದುರು, ಹೇಗೆ ಕೇಳಿದೆ ಎಂದು ವಿಚಾರಿಸುತ್ತೇನೆ.