ಬೋಟಿಗೆ ಜನರೇಟರ್: ಮೊದಲು ಹೊಗೆಯ ದಾರಿ, ಆಮೇಲೆ ಕೆವಿಎ

ಹೌಸ್‌ಬೋಟಿಗೆ ಜನರೇಟರ್ ಬೇಕು ಎಂದ ಕೂಡಲೇ ಅಂಗಡಿಯವರು ಕೇಳುವುದು ‘ಎಷ್ಟು ಕೆವಿಎ?’ ಎಂದು, ಅಂದರೆ ಅದರ ಸಾಮರ್ಥ್ಯ ಎಷ್ಟು ಎಂದು. ಅದಕ್ಕೂ ಮೊದಲು ತೀರ್ಮಾನವಾಗಬೇಕಾದದ್ದು, ಹೊಗೆ ಎಲ್ಲಿಂದ ಹೊರಗೆ ಹೋಗುತ್ತದೆ ಎಂಬುದು. ಜಾತ್ರೆಯಂಗಡಿಯಲ್ಲಿ ಓಡುವ ಪೆಟ್ರೋಲ್ ಜನರೇಟರ್ ಬೋಟಿಗೆಂದು ಮಾಡಿದ್ದಲ್ಲ. ಹೊಗೆ ಅದರ ಬುಡದಲ್ಲೇ ಬರುತ್ತದೆ. ಸೋರಿದ ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಹಾರಿಹೋಗದೆ ಬೋಟಿನ ತಳದಲ್ಲಿ ಕೂರುತ್ತದೆ, ಒಂದು ಕಿಡಿಗೆ ಕಾಯುತ್ತದೆ. ಖರ್ಚು ಜಾಸ್ತಿಯಾದರೂ ನೀರಿನಿಂದ ತಂಪಾಗುವ, ಹೊಗೆಯನ್ನು ಪೈಪಿನಲ್ಲಿ ಹೊರಗೆ ಬಿಡುವ ಮೆರೈನ್ ಡೀಸೆಲ್ ಸೆಟ್ಟೇ ಸರಿ. ಬರೀ ಲೈಟು, ಫ್ಯಾನು, ಮೊಬೈಲ್ ಚಾರ್ಜಿಗಾದರೆ ಜನರೇಟರೇ ಬೇಡ, ಬ್ಯಾಟರಿ ಮತ್ತು ಸೋಲಾರ್ ಸಾಕು.

ಈಗ ಲೆಕ್ಕ. 1 ಟನ್ ಎಸಿಗೆ 1200 ವಾಟ್, ಫ್ರಿಜ್‌ಗೆ 150, ಲೈಟು ಫ್ಯಾನಿಗೆ 200, ಅರ್ಧ ಎಚ್‌ಪಿ ಪಂಪಿಗೆ 375 ಎಂದರೆ ಒಟ್ಟು 1925 ವಾಟ್. ಆದರೆ ಹಳೆಯ ಮಾದರಿಯ ಎಸಿ ಸ್ಟಾರ್ಟ್ ಆಗುವ ಕ್ಷಣದಲ್ಲಿ ಮೂರು ಪಟ್ಟಿಗೂ ಹೆಚ್ಚು ಎಳೆಯುತ್ತದೆ. ಹಾಗಾಗಿ 5 ಕೆವಿಎ (ಪವರ್ ಫ್ಯಾಕ್ಟರ್ 0.8, ಅಂದರೆ ಬಳಕೆಗೆ ಸಿಗುವ ಪಾಲು ಶೇ. 80 ಎಂದಿಟ್ಟರೆ 4 ಕಿಲೋವಾಟ್) ಬೇಕಾಗುತ್ತದೆ, ಪಂಪನ್ನು ಎಸಿ ಹತ್ತಿದ ಮೇಲೆ ಹಾಕಬೇಕು. ಇನ್ವರ್ಟರ್ ಎಸಿ ಇದ್ದರೆ 3.5 ಕೆವಿಎಗೆ ಮುಗಿಯುತ್ತದೆ. ‘ಇರಲಿ, ದೊಡ್ಡದೇ ತಗೊಳ್ಳೋಣ’ ಎಂದು 10 ಕೆವಿಎ ತಂದರೆ ನಷ್ಟವೇ: ತಿಂಗಳುಗಟ್ಟಲೆ ಕಾಲು ಭಾಗ ಲೋಡಿನಲ್ಲಿ ಓಡುವ ಡೀಸೆಲ್ ಎಂಜಿನ್ನಿನಲ್ಲಿ ಇಂಧನ ಪೂರ್ತಿ ಉರಿಯದೆ ಮಸಿ ಕಟ್ಟುತ್ತದೆ. ಶೇ. 60–80 ಲೋಡು ಒಳ್ಳೆಯದು.

ಬೋಟಿನಲ್ಲಿ ಮಣ್ಣಿಗೆ ಅರ್ತ್ ರಾಡ್ ಹೊಡೆಯಲಾಗದು. ಆದ್ದರಿಂದ ಜನರೇಟರ್ ಓಡುವಾಗ ಅದರ ನ್ಯೂಟ್ರಲ್ ಮತ್ತು ಬಾಡಿ ಅಲ್ಲೇ ಕೂಡಿರಬೇಕು. ಇಲ್ಲವಾದರೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಬೀಳುವ ಸುರಕ್ಷಾ ಸ್ವಿಚ್) ಹಾಕಿಯೂ ವೈರು ಬಾಡಿಗೆ ತಾಗಿದಾಗ ಅದು ಬೀಳುವುದಿಲ್ಲ. ದಡದ ಕರೆಂಟ್ ಬಳಸುವಾಗ ಈ ಜೋಡಣೆ ತಪ್ಪಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಬದಲಿಸುವ ಚೇಂಜ್‌ಓವರ್ ಸ್ವಿಚ್ಚನ್ನು ಬೋಟಿನ ಕೆಲಸ ಗೊತ್ತಿರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ.

ಹೆಚ್ಚಾಗಿ ಕೈಕೊಡುವುದು ಇಂಪೆಲ್ಲರ್, ಹೊರಗಿನ ನೀರನ್ನು ಎಳೆಯುವ ಅಂಗೈಯಗಲದ ರಬ್ಬರ್ ಚಕ್ರ. ಆ ನೀರನ್ನು ಒಳಬಿಡುವ ವಾಲ್ವ್ ತೆರೆಯದೆ ಎಂಜಿನ್ ಓಡಿಸಿದರೆ ನೀರಿಲ್ಲದೆ ಉಜ್ಜಿ ನಿಮಿಷದೊಳಗೆ ಅದರ ರೆಕ್ಕೆಗಳು ಹರಿಯಬಹುದು. ಹೊಸದು ಹಾಕುವ ಮೊದಲು ಹಳೆಯದರ ರೆಕ್ಕೆ ಎಣಿಸಿ; ಒಂದು ಕಮ್ಮಿಯಿದ್ದರೆ ಆ ಚೂರು ಎಂಜಿನ್ ತಂಪಾಗಿಸುವ ಹೀಟ್ ಎಕ್ಸ್‌ಚೇಂಜರ್ ಕೊಳವೆಯಲ್ಲಿ ಸಿಕ್ಕಿಕೊಂಡಿರಬಹುದು, ಹುಡುಕಿ ತೆಗೆಯದಿದ್ದರೆ ಎಂಜಿನ್ ಮತ್ತೆ ಬಿಸಿಯೇರುತ್ತದೆ. ಸ್ಟಾರ್ಟ್ ಆದೊಡನೆ ಹೊಗೆಕೊಳವೆಯ ಬಾಯಿ ನೋಡಿ, ಹೊಗೆಯ ಜೊತೆ ನೀರು ಚಿಮ್ಮುತ್ತಿರಬೇಕು. ಸ್ಟಾರ್ಟೇ ಆಗುತ್ತಿಲ್ಲವೇ? ಎರಡು ಮೂರು ಬಾರಿ ನೋಡಿ, ಮತ್ತೆ ಪ್ರಯತ್ನಿಸುವ ಮೊದಲು ವಾಲ್ವ್ ಮುಚ್ಚಿಬಿಡಿ. ವಾಲ್ವ್ ತೆರೆದಿಟ್ಟು ಸುಮ್ಮನೆ ಸ್ಟಾರ್ಟರ್ ತಿರುಗಿಸುತ್ತಲೇ ಇದ್ದರೆ ಸೈಲೆನ್ಸರಿನಲ್ಲಿ ತುಂಬಿದ ನೀರು ಹಿಮ್ಮರಳಿ ಸಿಲಿಂಡರಿಗೆ ನುಗ್ಗುತ್ತದೆ. ಎಂಜಿನ್ ಹಿಡಿದ ತಕ್ಷಣ ವಾಲ್ವ್ ತೆರೆಯುವುದನ್ನು ಮಾತ್ರ ಮರೆಯಬೇಡಿ.

ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ (ಸಿಓ) ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೋಟು ಮುಂದೆ ಸಾಗುವಾಗ ಹಿಂಬದಿಯಲ್ಲಿ ಗಾಳಿ ಒಳಸೆಳೆದು ಹೊಗೆ ಕೋಣೆಗೆ ವಾಪಸು ಬರುತ್ತದೆ. ಹಿಂದಿನ ಬಾಗಿಲು ಮಾತ್ರ ತೆರೆದಿಟ್ಟರೆ ಇನ್ನೂ ಕೆಟ್ಟದು. ಡೀಸೆಲ್ ಹೊಗೆಯಲ್ಲಿ ಈ ಅನಿಲ ಕಮ್ಮಿ, ಇಲ್ಲವೆಂದಲ್ಲ. ಮಲಗುವ ಪ್ರತಿ ಕೋಣೆಗೂ ಒಂದೊಂದು ಸಿಓ ಅಲಾರಾಂ ಹಾಕಿ, ಹೊಗೆಯ ಅಲಾರಾಂ ಅದಕ್ಕೆ ಬದಲಿಯಲ್ಲ. ತಲೆನೋವು, ವಾಕರಿಕೆ, ಸುಸ್ತು ಬಂದಾಗ ದೋಣಿಯ ತೂಗಾಟಕ್ಕೆ ಹೀಗಾಗಿದೆ ಎಂದುಕೊಂಡು ಮಲಗಿಸುವುದೇ ಅಪಾಯ. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿದರೂ ನಂಬಬೇಡಿ, ಅದಕ್ಕೆ ಈ ವಿಷದ ವ್ಯತ್ಯಾಸ ತಿಳಿಯದು. ಎಲ್ಲರನ್ನೂ ಬಯಲಿಗೆ ತನ್ನಿ, ಜನರೇಟರ್ ಆರಿಸಿ, 112ಕ್ಕೆ ಕರೆ ಮಾಡಿ.